ಮಾಸ್ತರರ ಟೆರಿಕಾಟ್ ಅಂಗಿ

ಅರಿವೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ನಿಂತವನು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಗಿರಾಕಿಗಳೇ ಬಂದು ನಗಿಸಿ ಹೋಗುತ್ತಾರೆ. ಇದರಲ್ಲಿ ಮುಕ್ಕಾಲು ಪಾಲು ಖರೆ. ಉಳಿದದ್ದು ಇನ್ನೂ ಖರೆ.

೧. ಉಳಿದರ್ಧ

ಅರವತ್ತರ ದಶಕದಲ್ಲಿ ನಮ್ಮ ವಿಜಾಪುರದ ಅಂಗಡಿಗೆ, ಸುಕ್ಕುಗಟ್ಟದ ಅರಿವೆಯೆಂದು ಹೆಸರಾದ ಟೆರಿಕಾಟಿನ ಮೊದಲ ಥಾನು ಬಂತು. ತಿಕೋಟಾದ ಸಾಲಿ ಮಾಸ್ತರರೊಬ್ಬರು ಮುಟ್ಟಿ ಮುಟ್ಟಿ ನೋಡಿದರು. ಮೂರು ಕನ್ಯೆಗಳ ಮನೆಯವರು ಇವರ ಮುದುಡಿದ ಅಂಗಿ ನೋಡಿಯೇ ಒಲ್ಲೆ ಎಂದರೆಂಬುದು ಅವರ ನಂಬಿಕೆ. ನಾಲ್ಕನೆಯದು ಬಬಲೇಶ್ವರದಲ್ಲಿ, ಮುಂದಿನ ತಿಂಗಳು.

"ಅರ್ಧ ಹತ್ತಿ ಅಂತೀರಿ. ಉಳಿದರ್ಧ ಏನ್ರಿ?"

"ಚಿಮಣಿ ಎಣ್ಣಿರಿ," ಎಂದೆ.

ಅರಿವೆ ಇನ್ನೂ ನನ್ನ ಕೈಯಲ್ಲೇ ಇತ್ತು. ಮಾಸ್ತರರು ಆಗಲೇ ಪಕ್ಕದ ಚಹಾದಂಗಡಿಯ ಒಲೆಯಿಂದ ನಾಲ್ಕು ಹೆಜ್ಜೆ ದೂರ ಸರಿದಿದ್ದರು.

೨. ಎರಡು ನೀರು

ತೊಳೆದರೆ ಹತ್ತಿ ಕುಗ್ಗುತ್ತದೆಂದು ಎಲ್ಲರ ಅಂಗಿಯನ್ನೂ ನಾಲ್ಕು ಬೆರಳು ದೊಡ್ಡದು ಹೊಲಿಯುವುದು ಅವರೂರ ಟೇಲರನ ರೂಢಿ. ಮಾಸ್ತರರು ಒಯ್ದ ಟೆರಿಕಾಟನ್ನೂ ಹಾಗೇ ಹೊಲಿದ. "ಎರಡು ನೀರು ಕಾಣ್ಲಿ ಮಾಸ್ತರ, ಮೈಗೆ ಕೂಡತೈತಿ."

ಎರಡು ನೀರು ಕಂಡರೂ ಕೂಡಲಿಲ್ಲವೆಂದು ಮಾಸ್ತರರು ಅಂಗಡಿಗೆ ಬಂದರು. ಟೆರಿಕಾಟ್ ಕುಗ್ಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಕುದಸ್ರಿ, ತಾನ ಕುಗ್ಗತೈತಿ," ಎಂದೆ.

ಮೂರು ದಿನ ಕುದಿಸಿದರು. ಅಂಗಿ ಇದ್ದ ಹಾಗೇ ಇತ್ತು. ಒಲೆ ಊದಿ ಊದಿ ಮಾಸ್ತರರೇ ಎರಡು ಬೆರಳು ಕುಗ್ಗಿದರು.

೩. ಒಪ್ಪಿಗೆ

ಕನ್ಯೆ ನೋಡಲು ಹಿರಿಯನೆಂದು ನನ್ನನ್ನೇ ಕರೆದೊಯ್ದರು. ಜೋಲಾಡುವ ಅಂಗಿ ಕಂಡು ಹುಡುಗಿಯ ಅಜ್ಜಿ ಕಣ್ಣು ಕಿರಿದು ಮಾಡಿದಳು.

"ಹುಡುಗನ ಮೈ ಇಳದಂಗ ಕಾಣತೈತಿ. ಏನರ ಬ್ಯಾನಿ ಐತೇನೋ?"

ಹುಡುಗಿಯ ಅಪ್ಪ ನಮ್ಮತ್ತ ಸರಿಸುತ್ತಿದ್ದ ಅವಲಕ್ಕಿ ತಟ್ಟೆ ನಡುದಾರಿಯಲ್ಲೇ ನಿಂತಿತು. ನಾಲ್ಕನೆಯದೂ ಹೋಯಿತೆಂದು ಮಾಸ್ತರರಿಗೆ ಅನಿಸಿತು. ಗಡಿಬಿಡಿಯಲ್ಲಿ ಚಹಾಕ್ಕೆ ಕೈ ಚಾಚಿದ್ದೇ ತಡ, ಜೋಲು ತೋಳು ಕಪ್ಪು-ಬಶಿಗೆ ಸಿಕ್ಕಿ ಚಹಾ ಎಲ್ಲಾ ಎದೆ ಮೇಲೆ.

"ಕೊಡ್ರಿ ಇತ್ತ," ಎಂದು ಒಳಗಿಂದ ಬಂದ ಹುಡುಗಿ ತಲೆ ಎತ್ತದೆಯೇ ಅಂಗಿ ಬಿಚ್ಚಿಸಿಕೊಂಡು ಹಿತ್ತಿಲಿಗೆ ಒಯ್ದಳು. ಬನಿಯನ್ನಿನಲ್ಲಿ ಕೂತ ಮಾಸ್ತರರ ರಟ್ಟೆಯನ್ನು ಅಜ್ಜಿ ಎದ್ದು ಬಂದು ಹಿಚುಕಿದಳು. "ಹುಡುಗ ಗಟ್ಟಿ ಅದಾನ. ಅಂಗಿನ ದೊಡ್ಡದೈತಿ."

ತಟ್ಟೆ ಮತ್ತೆ ಹೊರಟು ನಮ್ಮನ್ನು ತಲುಪಿತು. ಅವಲಕ್ಕಿ ಮುಗಿಯುವಷ್ಟರಲ್ಲಿ ಹುಡುಗಿ ಅಂಗಿ ತಂದಳು. ಒಣಗಿತ್ತು, ಕಲೆಯಿಲ್ಲ, ಸುಕ್ಕಿಲ್ಲ. ಅಪ್ಪ ಮತ್ತು ನಾಲ್ಕು ಜನ ಅಣ್ಣಂದಿರ ಅರಿವೆ ಹಳ್ಳದ ಬಂಡೆಗೆ ಬಡಿದು ಬಡಿದು ಬೆಳೆದವಳು ಆಕೆ. ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಪ್ಪಾ, ನನಗ ಒಪ್ಪಿಗಿ ಐತಿ."

"ಹುಡುಗ ಮನಸಿಗಿ ಬಂದಾನೇನವಾ?"

"ಹುಡುಗನ್ನ ಇನ್ನ ನೋಡಿಲ್ಲಪ್ಪಾ," ಎಂದಳು. "ಅಂಗಿ ನೋಡೇನಿ."