ದೊಡ್ಡಮ್ಮ ಏಳುವ ತನಕ

ನಮ್ಮ ದೊಡ್ಡಮ್ಮನನ್ನು ಹೋಟೆಲಿಗೆ ಕರೆದುಕೊಂಡು ಹೋದರೆ ಹೊಟ್ಟೆ ತುಂಬುವ ಮೊದಲು ಒಂದು ಕತೆ ಆಗಿಯೇ ಆಗುತ್ತದೆ ಮಾರಾಯ್ರೆ. ಕಣ್ಣಿನ ಆಪರೇಷನ್ನಿಗೆಂದು ಕರಾವಳಿಯ ನಮ್ಮೂರು ಹೆಮ್ಮಾಡಿಯಿಂದ ಬೆಂಗಳೂರಿಗೆ, ನನ್ನ ಮನೆಗೆ ಬಂದಿದ್ದಳು. ಕಣ್ಣು ಚೆನ್ನಾಗಿ ಕಂಡಿತು, ದೇವರು ದೊಡ್ಡವನು. ಅಮ್ಮ ತೀರಿಕೊಂಡ ಮೇಲೆ ನನಗೆ ಉಣ್ಣಿಸಿ ಬೆಳೆಸಿದವಳು ಅವಳೇ. ಊರಿಗೆ ಹೊರಡುವ ಮೊದಲು ಸ್ಟೈಲಾದ ಜಾಗದಲ್ಲಿ ಅವಳಿಗೆ ಒಂದು ಊಟ ಹಾಕಿಸಬೇಕು ಅಂತ ನನ್ನ ಹಟ.

೧. ಹೊಸ ಕಣ್ಣು

ಇಂದಿರಾನಗರದ ಹೊಳೆಯುವ ಹೋಟೆಲು. ಬಾಗಿಲಲ್ಲಿ ಕೋಟು ಹಾಕಿದ ಮ್ಯಾನೇಜರ್ ಇಂಗ್ಲಿಷಿನಲ್ಲಿ ಸ್ವಾಗತಿಸಿದ. ದೊಡ್ಡಮ್ಮ ಅವನ ಮುಖವನ್ನೇ ನೋಡಿ, "ಹ್ವಾಯ್, ನೀವ್ ನಮ್ಮೂರ್ ಹತ್ರದ್ ವಂಡ್ಸೆ ಬದಿಯವ್ರಲ್ದಾ?" ಅಂದಳು.

"ಹೌದ್ ಅಮ್ಮ! ಹೆಂಗ್ ಗೊತ್ತಾಯ್ತ್?"

"ಅದ್ ನಿಮ್ಮ ಅಜ್ಜಯ್ಯನ್ ಮೂಗಲ್ದಾ!"

ಅವನ ಇಂಗ್ಲಿಷು ಅಲ್ಲೇ ಕರಗಿತು. ದನಿ ತಗ್ಗಿಸಿ, "ಇಲ್ಲಿದ್ದ್ ಊಟ ನಮ್ಗೆಲ್ಲ ಸೇರೂದಲ್ಲ ಅಮ್ಮ. ಒಳಗ್ ಬನಿ" ಅಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ ನಾನು ದೊಡ್ಡಮ್ಮನ ಪಕ್ಕ, ಕೆಲಸದವರ ಜೊತೆ ಅಡುಗೆಮನೆಯಲ್ಲಿ ಕೂತು, ಅವರಿಗೆಂದೇ ಮಾಡಿದ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡೆ. ಪುಣ್ಯಾತ್ಮ, ಅವನೇ ನಿಂತು ಬಡಿಸಿದ.

ಹೊರಗೆ ಬಂದು ದೊಡ್ಡಮ್ಮ ಹೇಳಿದಳು: "ಬೆಂಗ್ಳೂರ್ ಊಟ ಥೇಟ್ ನಮ್ಮನಿ ಊಟದ್ ಹಂಗೇ ಇತ್ತ್ ಮಗಾ!"

೨. ತುದಿಗೆ ಬಡಿಸಿದ್ದು

ಮರುದಿನ ಊರವರು ಯಾರೂ ಇಲ್ಲದ ಹೋಟೆಲು ಹುಡುಕಿದೆ. ದೊಡ್ಡ ಬಿಳಿ ತಟ್ಟೆಯ ಅಂಚಿಗೆ ಅಡಿಕೆ ಗಾತ್ರದ ಪನೀರು, ಹಸಿರು ಚಟ್ನಿಯ ಒಂದು ಗೀಟು ಬಂತು. ದೊಡ್ಡಮ್ಮ ಕೈಕಟ್ಟಿ ಕೂತಳು. ನಾನು ಹೇಳಿದರೂ ಮುಟ್ಟಲಿಲ್ಲ. ಕೊನೆಗೆ ಬಿಳಿ ಟೊಪ್ಪಿಯ ಅಡುಗೆಯವರೇ ಗಾಬರಿಯಿಂದ ಓಡಿ ಬಂದು, "ರುಚಿ ಇಲ್ವಾ ಅಮ್ಮ?" ಅಂತ ಕೇಳಿದರು.

"ರುಚಿ ಕಾಂಬುದ್ ಹೆಂಗೆ ಮಗಾ? ತುದಿಗ್ ಚಟ್ನಿ ಹಾಕಿ ಹೋದ್ರಿ, ಅನ್ನ ಇನ್ನೂ ಬರ್ಲಿಲ್ಲೆ!"

೩. ಉದ್ದ ಮೇಜು

ಹೊರಡುವ ದಿನ ಬಂತು. ನಾಡಿದ್ದು ಹೆಮ್ಮಾಡಿಯಲ್ಲಿ ಅವಳ ತಮ್ಮನ ಮಗಳ ಮದುವೆ. ಕಣ್ಣು ಸರಿಯಾದ ಮೇಲೆ ಕಾಣುವ ಮೊದಲ ಮದುವೆ, ಬಸ್ಸು ತಪ್ಪುವಂತಿಲ್ಲ. ದಾರಿಯಲ್ಲೇ ಒಂದು ಹೊಸ ನಮೂನೆಯ ಹೋಟೆಲಿಗೆ ಹೊಕ್ಕೆವು. ಅಲ್ಲಿ ಒಂದೇ ಉದ್ದ ಮೇಜು, ಗುರುತಿಲ್ಲದವರೆಲ್ಲ ಸಾಲಾಗಿ ಕೂತು ತಿನ್ನುವುದು. ದೊಡ್ಡಮ್ಮ ಖುಷಿಯಾಗಿ ಉಂಡಳು, ನನ್ನ ಆಸೆಯೂ ತೀರಿತು. ಆದರೆ ಉಂಡಾದರೂ ಅವಳು ಏಳಲಿಲ್ಲ.

"ಬಸ್ಸಿಗ್ ಹೊತ್ತಾಯ್ತ್, ಹೋಪ."

"ಪಂಕ್ತಿಯಂಗೆ ಉಂಬವ್ರನ್ ಬಿಟ್ಟ್ ಏಳೂಕಾತ್ತಾ?"

ಉಂಡವರು ಎದ್ದು ಹೋದ ಹಾಗೆ ಹೊಸಬರು ಬಂದು ಕೂರುತ್ತಾರೆ! ಈ ಪಂಕ್ತಿ ಮುಗಿಯುವುದು ಯಾವ ಕಾಲಕ್ಕೆ? ನಾನು ತಲೆ ಮೇಲೆ ಕೈ ಹೊತ್ತದ್ದನ್ನು ಕಂಡು ಎದುರಿನ ಹುಡುಗಿ ಸಂಗತಿ ಕೇಳಿದಳು. ಹೇಳಿದೆ. ಅವಳು ಮೇಜಿನ ಉದ್ದಕ್ಕೂ ಸುದ್ದಿ ಮುಟ್ಟಿಸಿದಳು. ಎಲ್ಲರೂ ತಟಕ್ಕನೆ ಎದ್ದು ನಿಂತರು.

"ಕೂಕಣಿ! ಅನ್ನ ಬಿಟ್ಟ್ ಏಳೂದಾ?" ಅಂತ ಗದರಿದಳು ದೊಡ್ಡಮ್ಮ.

ಪಾಪ, ಎಲ್ಲರೂ ಕೂತು ಗಬಗಬ ಉಂಡು, ಒಟ್ಟಿಗೇ ಎದ್ದರು. ಒಬ್ಬ ಆಟೋ ನಿಲ್ಲಿಸಿದ, ಆ ಹುಡುಗಿ ಚೀಲ ಹೊತ್ತಳು. ಗುರುತು ಪರಿಚಯ ಇಲ್ಲದವರು! ದೊಡ್ಡಮ್ಮ ಆಟೋದಿಂದ ತಲೆ ಹೊರಗೆ ಹಾಕಿ, ಊರು, ದಿನ ಹೇಳಿ ಎಲ್ಲರನ್ನೂ ಮದುವೆಗೆ ಕರೆದಳು. ನಮ್ಮಿಬ್ಬರಿಗೂ ಬಸ್ಸು ಸಿಕ್ಕಿತು.

ಮದುವೆಯ ದಿನ ನೋಡಿದರೆ, ಆ ಹುಡುಗಿ ಗೆಳತಿಯರನ್ನು ಕಟ್ಟಿಕೊಂಡು ಬಂದೇಬಿಟ್ಟಿದ್ದಾಳೆ! ಮೊದಲ ಪಂಕ್ತಿಯಲ್ಲೇ ಕೂರಿಸಿದೆವು. ನಮ್ಮ ಊರವರೋ, ಪಾಯಸ ಇಳಿದದ್ದೇ ಎದ್ದು ಕೈ ತೊಳೆಯಲು ಓಡಿದರು. ಈ ಹುಡುಗಿಯರು ಮಾತ್ರ ಖಾಲಿ ಎಲೆಯ ಮುಂದೆ ಗಟ್ಟಿಯಾಗಿ ಕೂತಿದ್ದಾರೆ. ಎರಡನೇ ಪಂಕ್ತಿ ಕೂತಿತು, ಎದ್ದಿತು. ಇವರು ಜಪ್ಪಯ್ಯ ಅಂದರೂ ಏಳಲಿಲ್ಲ.

"ಯಾಕಮ್ಮ, ಊಟ ಸಾಲಲಿಲ್ವಾ?" ಅಂತ ಮೆಲ್ಲಗೆ ಕೇಳಿದೆ.

"ಹೊಟ್ಟೆ ಬಿರಿಯುತ್ತಿದೆ ಅಣ್ಣ. ಆದ್ರೆ ಏಳೋದು ಹೇಗೆ? ದೊಡ್ಡಮ್ಮ ಇನ್ನೂ ಊಟಕ್ಕೇ ಕೂತಿಲ್ವಲ್ಲ!"