ಭಟ್ಟರು ಇಳಿದರೆ ಏಳುವ ಕಾರು

ಕೆಟ್ಟದ್ದನ್ನು ಕೆಟ್ಟಂತೆಯೇ ಬಿಟ್ಟರೆ ನನಗೆ ಏನೂ ಆಗುವುದಿಲ್ಲ. ಸರಿ ಮಾಡಿಸಲು ಹೊರಟೆ ಅಂದರೆ ಸಾಕು, ಎಲ್ಲಿಂದಲೋ ಒಂದು ಪಜೀತಿ ಬಂದು ಪಕ್ಕದ ಸೀಟಿನಲ್ಲಿ ಕೂತಿರುತ್ತದೆ. ಕಾರಿನ ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿಸಿದ ವರ್ಷವಂತೂ ಅದು ಸೀಟು ಬಿಟ್ಟು ಏಳಲೇ ಇಲ್ಲ.

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಲಾರಿ ಕ್ಲೀನರಾದೆ, ಟೆಂಟ್ ಸಿನಿಮಾದ ಗೇಟು ಕಾದೆ, ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿದ ಸೀರೆ ಮಡಚಿದೆ. ಒಂದು ಕೆಲಸ ಕೈಗೆ ಹತ್ತುವಷ್ಟರಲ್ಲಿ ಇನ್ನೊಂದು ಊರು ಕರೆಯುತ್ತಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಕ್ಕನ ಮನೆ ಸೇರಿ, ಭಾವನ ಹಳೇ ಸಣ್ಣ ಕಾರು ಓಡಿಸುತ್ತಿದ್ದೆ. ಮದುವೆ ಅಡುಗೆಯ ಭಟ್ಟರೊಬ್ಬರ ಪಾತ್ರೆ ಪರಡಿಗಳನ್ನು ಶಿವಮೊಗ್ಗದಿಂದ ಭದ್ರಾವತಿ ಕಡೆಯ ಛತ್ರಗಳಿಗೆ ಸಾಗಿಸುವುದು ಕೆಲಸ.

ಭದ್ರಾವತಿಯಲ್ಲೇ ಅಕ್ಕ ನನಗೊಂದು ಹುಡುಗಿ ನೋಡಿಟ್ಟಿದ್ದಳು. ಹುಡುಗಿಗೆ ನಾನು ಒಪ್ಪಿಗೆ. ನನಗೆ ಅವಳು ಎಷ್ಟು ಒಪ್ಪಿಗೆ ಅಂದರೆ, ಭದ್ರಾವತಿಯಲ್ಲಿ ಬಾಡಿಗೆ ಇಲ್ಲದ ದಿನವೂ ಕಾರು ತಾನಾಗಿ ಆ ಕಡೆ ತಿರುಗುತ್ತಿತ್ತು. ಒಪ್ಪದವರು ಅವಳಪ್ಪ. ಕಾರ್ಖಾನೆಯಲ್ಲಿ ಒಂದೇ ಮಷೀನಿನ ಮುಂದೆ ಆಯುಷ್ಯವೆಲ್ಲ ನಿಂತ ಮನುಷ್ಯ.

“ನಿಮ್ಮ ತಮ್ಮನ ಕಾಲು ನೆಲದ ಮೇಲೆ ನಿಲ್ಲಲ್ಲಮ್ಮ” ಅಂದರಂತೆ ಅಕ್ಕನಿಗೆ. “ಬರೋ ಯುಗಾದಿ ತನಕ ಈ ಭಟ್ಟರ ಕೆಲಸದಲ್ಲೇ ಇದ್ರೆ ಮುಂದಿನ ಮಾತು. ಬಿಟ್ಟ ಅಂತ ಗೊತ್ತಾದ್ರೆ ಬೇರೆ ಕಡೆ ಗಂಡು ನೋಡ್ತೀನಿ.”

ಭಟ್ಟರ ಕೆಲಸ ಹೋದರೆ ಹುಡುಗಿ ಹೋದಳು. ಇಷ್ಟೇ ವಿಷಯ.

ಮೇಸ್ತ್ರಿಯ ಲೆಕ್ಕ

ಭಟ್ಟರ ಕೊಳದಪ್ಪಲೆ, ಕಡಾಯಿ, ಗ್ರೈಂಡರು ಎಲ್ಲ ಹೇರಿದರೆ ಕಾರಿನ ಹಿಂಭಾಗ ನೆಲ ಹಿಡಿಯುತ್ತಿತ್ತು, ಮೂತಿ ಆಕಾಶ ನೋಡುತ್ತಿತ್ತು. ಸೈಲೆನ್ಸರು ರಸ್ತೆ ಉಜ್ಜಿ ಎರಡು ಸಲ ಕಳಚಿ ಬಿತ್ತು. ಎರಡನೇ ಸಲ ಭಟ್ಟರು ಛತ್ರದಲ್ಲಿ ನೆನೆಹಾಕಿದ ಉದ್ದು ಮುಂದಿಟ್ಟುಕೊಂಡು ಗ್ರೈಂಡರಿನ ದಾರಿ ಕಾಯುತ್ತಾ ಕೂತಿದ್ದರು.

“ನೋಡು ಮಾರಾಯ, ಇನ್ನೊಂದ್ಸಲ ಹೀಗಾದ್ರೆ ಟೆಂಪೋದವನಿಗೆ ಹೇಳ್ಬಿಡ್ತೀನಿ” ಅಂದರು.

ಅವತ್ತೇ ಭದ್ರಾವತಿಯ ಲಾರಿ ಸ್ಟ್ಯಾಂಡಿನ ಹತ್ತಿರ ಸ್ಪ್ರಿಂಗ್ ಕಟ್ಟುವ ತಮಿಳು ಮೇಸ್ತ್ರಿಯ ಬಳಿಗೆ ಓಡಿದೆ. ಹಿಂದಿನ ಚಕ್ರಗಳ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಕಟ್ಟಿರುತ್ತಾರಲ್ಲ, ಭಾರ ಹೊರುವುದು ಅವೇ. ಪ್ಲೇಟು ಹೆಚ್ಚಿಸಿದರೆ ಗಾಡಿ ಗಟ್ಟಿ.

“ಎಷ್ಟು ಲೋಡು ತಂಬಿ?”

“ಮೂರು ಕ್ವಿಂಟಾಲ್ ಮೇಸ್ತ್ರಿ.”

ಮೇಸ್ತ್ರಿ ನನ್ನ ಮುಖ ನೋಡಿ ಸಣ್ಣಗೆ ನಕ್ಕು ಕೆಲಸಕ್ಕೆ ಕೂತರು. ಲಾರಿಯ ಹಳೇ ಪ್ಲೇಟು ಕತ್ತರಿಸಿ, ಕಾಯಿಸಿ, ಬಡಿದು ಸಂಜೆಗೆ ಮುಗಿಸಿದರು. ಬಂದು ನೋಡಿದರೆ ಕಾರು ಒದೆಯಲು ಹೊರಟ ಕತ್ತೆಯ ಹಾಗೆ ಹಿಂಭಾಗ ಎತ್ತಿಕೊಂಡು ನಿಂತಿದೆ.

“ಇದೇನ್ ಮೇಸ್ತ್ರಿ, ಇಷ್ಟೆತ್ತರ?”

“ಆರು ಕ್ವಿಂಟಾಲ್‌ಗೆ ಹಾಕಿದೀನಿ.”

“ನಾನು ಹೇಳಿದ್ದು ಮೂರು!”

“ಆಮಾ ತಂಬಿ, ಮೂರೇ ಹೇಳಿದ್ದು. ಲಾರಿಯವರು ಹತ್ತು ಅಂದ್ರೆ ಇಪ್ಪತ್ತು ಅಂತ ಅರ್ಥ. ಈ ಸ್ಟ್ಯಾಂಡಲ್ಲಿ ಯಾರೂ ನನಗೆ ನಿಜವಾದ ಲೋಡು ಹೇಳಿದ್ದೇ ಇಲ್ಲ. ನೀನೊಬ್ಬ ಹೇಳ್ತೀಯ ಅಂತ ನಾನೇನು ಕನಸು ಕಾಣ್ಲಾ?”

ಲಾರಿ ಕ್ಲೀನರಾಗಿದ್ದಾಗ ಕಂಡ ಕಂಡ ಚೆಕ್‌ಪೋಸ್ಟಿನಲ್ಲಿ ಸುಳ್ಳು ಲೋಡು ಹೇಳಿದವನು ನಾನು. ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ. ಮೊದಲ ಸಲ ನಿಜ ಹೇಳಿದೆ, ಸಿಕ್ಕಿಬಿದ್ದೆ.

ಮುಂದಿನ ಗಾಲಿ

ಲೋಡು ಬಿದ್ದಾಗ ಕಾರು ಆನೆಯ ಹಾಗೆ ಹೋಗುತ್ತಿತ್ತು. ಭಟ್ಟರಿಗೆ ಬಹಳ ಖುಷಿಯಾಯಿತು. ಹಾಗಾಗಿ ಪ್ಲೇಟು ಬಿಚ್ಚಿಸುವ ಮಾತೇ ಇಲ್ಲ. ತೊಂದರೆ ಇದ್ದದ್ದು ಖಾಲಿ ಇದ್ದಾಗ. ರಸ್ತೆಯಲ್ಲಿ ಒಂದು ಕಡಲೆಕಾಯಿ ಸಿಪ್ಪೆ ಬಿದ್ದಿದ್ದರೂ ನನ್ನ ತಲೆಗೆ ಗೊತ್ತಾಗುತ್ತಿತ್ತು.

ಹಾಗೇ ಖಾಲಿ ಗಾಡಿಯಲ್ಲಿ ಶಿವಮೊಗ್ಗದ ಗಾಂಧಿ ಬಜಾರಿಗೆ ಭಟ್ಟರ ಗೋಡಂಬಿ, ದ್ರಾಕ್ಷಿ ತರಲು ಹೋಗಿದ್ದೆ. ಹಿಂಭಾಗ ಎತ್ತರ, ಮುಂಭಾಗ ತಗ್ಗು. ಮೊದಲು ಒಬ್ಬ ಸೈಕಲ್ಲಿನವನು ಕಿಟಕಿಗೆ ಬಗ್ಗಿ, “ಅಣ್ಣಾ, ಮುಂದಿನ ಗಾಲಿ ಪಂಕ್ಚರು” ಅಂದ. “ಇಲ್ಲಪ್ಪಾ” ಅಂದೆ. ಬಾಳೆಹಣ್ಣಿನ ಗಾಡಿಯವಳು, “ಏ ಪುಣ್ಯಾತ್ಮ, ಎರಡೂ ಗಾಲಿ ಕೂತೈತೆ, ಇಳಿದು ನೋಡು” ಅಂದಳು. ಅಂಗಡಿ ಸಾಹುಕಾರರು ಗಲ್ಲಾ ಬಿಟ್ಟು ಎದ್ದು ಬಂದು, “ಹುಷಾರ್ ಭಾಯ್” ಅಂದರು.

ಇಷ್ಟು ಜನ ಹೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅವನು ಟ್ಯೂಬು ಬಿಚ್ಚಿ ನೀರಲ್ಲಿ ಮುಳುಗಿಸಿ ನೋಡಿದ. ಒಂದು ಗುಳ್ಳೆಯೂ ಬರಲಿಲ್ಲ. ಇನ್ನೊಂದನ್ನೂ ನೋಡಿದ. ಕೊನೆಗೆ ದೂರ ನಿಂತು ಕಾರನ್ನು ಹಿಂದಿನಿಂದ ಮುಂದಿನವರೆಗೆ ನೋಡಿ ಹೇಳಿದ:

“ಮುಂದಿನ ಗಾಲಿ ಸರಿಯಾಗೇ ಇದೆ ಅಣ್ಣಾ. ಹಿಂದಿನ ಎರಡು ಗಾಲಿಗೂ ಪಂಕ್ಚರ್ ಮಾಡ್ಕೊಡ್ಲಾ?”

ಬೀಗರ ಮೆರವಣಿಗೆ

ಶಂಕರಘಟ್ಟದಲ್ಲಿ ಒಬ್ಬ ಮೇಷ್ಟ್ರ ಮಗಳ ಮದುವೆ, ಮನೆ ಮುಂದೆಯೇ ಚಪ್ಪರ. ಪಾತ್ರೆ ಇಳಿಸಲು ಹತ್ತಿರವಾಗಲಿ ಅಂತ ತುಂಬಿದ ಕಾರನ್ನು ಚಪ್ಪರದೊಳಗೇ ನುಗ್ಗಿಸಿದೆ. ಕಾರಿನ ತಲೆಯ ಮೇಲಿನ ಕ್ಯಾರಿಯರಿಗೂ ಚಪ್ಪರದ ಅಡ್ಡ ಬಿದಿರಿಗೂ ಎರಡು ಬೆರಳು ಜಾಗ. ಸರಿಯಾಗಿ ಒಳಗೆ ಹೋಯಿತು.

ಗ್ರೈಂಡರು ಇಳಿಸಿದೆವು. ಕಾರು ಸ್ವಲ್ಪ ಎದ್ದಿತು. ಕಡಾಯಿ ಇಳಿಸಿದೆವು, ಇನ್ನಷ್ಟು ಎದ್ದಿತು. ಕೊಳದಪ್ಪಲೆ ಇಳಿಸುತ್ತಿದ್ದ ಹಾಗೆ ಮೇಲೆ ಕರ್ ಅಂತ ಸದ್ದು. ಬಿದಿರು ಬಿಲ್ಲಿನಂತೆ ಬಗ್ಗಿದೆ, ಹಗ್ಗ ಬಿಗಿದಿದೆ, ಚಪ್ಪರದ ಒಂದು ಕಂಬ ನೆಲ ಬಿಟ್ಟು ಮೇಲೆ ಬಂದಿದೆ! ಕಾರು ಎಳೆದರೆ ಚಪ್ಪರ ಬರುತ್ತದೆ, ಬಿಟ್ಟರೆ ಬಿದಿರು ಮುರಿಯುತ್ತದೆ. ಅಷ್ಟರಲ್ಲಿ ಓಲಗದ ಸದ್ದು, ಗಂಡಿನ ಕಡೆಯವರ ಬಸ್ಸು ರಸ್ತೆ ತಿರುವಿನಲ್ಲಿ.

ಭಟ್ಟರು ಹಲ್ಲು ಕಚ್ಚಿಕೊಂಡು ಅಂದರು: “ಆ ಚಪ್ಪರ ಬಿದ್ರೆ, ಈ ಸೀಮೇಲಿ ನನ್ನನ್ನ ತಿಥಿಗೂ ಕರೆಯಲ್ಲ. ನಿನ್ನನ್ನ ನಾನು ಯಾತಕ್ಕೂ ಕರೆಯಲ್ಲ.”

ಪಾತ್ರೆ ಮತ್ತೆ ಹೇರೋಣ ಅಂದರೆ ಆಗಲೇ ಒಲೆಗೆ ಏರಿವೆ. ನನಗೆ ಹೊಳೆದದ್ದು ಒಂದೇ. ಬಸ್ಸಿನಿಂದ ಇಳಿದ ಬೀಗರಲ್ಲಿ ಹೊಟ್ಟೆ ಇರುವವರನ್ನೇ ಆರಿಸಿ, ಬಾಗಿಲು ತೆಗೆದು ಕೈಮುಗಿದೆ. “ಬನ್ನಿ ಯಜಮಾನ್ರೇ, ನಿಮಗೆ ಕಾರಿದೆ.” ಐದು ಜನ ಶಲ್ಯ ಸರಿಮಾಡಿಕೊಂಡು ಹಿಂದೆ ತುರುಕಿಕೊಂಡರು. ಕಾರು ತಗ್ಗಿತು, ಕಂಬ ನೆಲಕ್ಕೆ ಬಂತು, ನಿಧಾನಕ್ಕೆ ಹಿಂದಕ್ಕೆ ಬಿಟ್ಟುಕೊಂಡು ಚಪ್ಪರದಾಚೆ ನಿಲ್ಲಿಸಿ ಮತ್ತೆ ಬಾಗಿಲು ತೆಗೆದೆ. “ಇಳೀರಿ, ಬಂತು.”

ಹಿರಿಯ ಬೀಗರು ಸುತ್ತ ನೋಡಿದರು. ಹತ್ತಿದ ಜಾಗ ಒಂದು ಮಾರು ದೂರದಲ್ಲಿ ಕಾಣುತ್ತಿತ್ತು. ಸಿಟ್ಟಿಗೆದ್ದರು ಅಂದುಕೊಂಡು ಕಣ್ಣು ಮುಚ್ಚಿದೆ. ಅವರು ಪಕ್ಕದವರಿಗೆ ಹೇಳುತ್ತಿದ್ದರು: “ನೋಡಿ, ಉಪಚಾರ ಅಂದ್ರೆ ಹೀಗಿರಬೇಕು. ನಾಲ್ಕು ಹೆಜ್ಜೆಗೂ ಕಾರು!”

ಒರಳಿನ ವಾಯುವಿಹಾರ

ಖಾಲಿ ಗಾಡಿ ಕುಣಿಯದಿರಲಿ ಅಂತ ಭಟ್ಟರೇ ತಮ್ಮ ಮನೆಯ ಹಳೇ ಒರಳುಕಲ್ಲು ಕೊಟ್ಟರು. ಬೇರೆ ಲೋಡು ಇಲ್ಲದಾಗ ಅದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಒಂದು ಸಂಜೆ ಭದ್ರಾವತಿ ದಾಟುವ ಮುಂಚೆ ಪೊಲೀಸಿನವರು ಕೈ ಅಡ್ಡ ಹಾಕಿದರು.

“ಡಿಕ್ಕಿ ತೆಗಿ. ಏನಿದು?”

“ಒರಳು ಸಾರ್.”

“ಎಲ್ಲಿಗೆ?”

“ಶಿವಮೊಗ್ಗಕ್ಕೆ.”

“ಎಲ್ಲಿಂದ ತಂದೆ?”

“ಬೆಳಿಗ್ಗೆ ಶಿವಮೊಗ್ಗದಿಂದಲೇ ಸಾರ್.”

“ಇಲ್ಲಿ ಯಾರಿಗೆ ಕೊಡೋಕೆ ತಂದಿದ್ದೆ?”

“ಯಾರಿಗೂ ಇಲ್ಲ ಸಾರ್. ಸುಮ್ನೆ... ಜೊತೆಗಿರ್ಲಿ ಅಂತ.”

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಒರಳು ಕದ್ದೋರನ್ನ ಕಂಡಿದೀನಿ. ಅದನ್ನ ವಾಯುವಿಹಾರಕ್ಕೆ ಕರ್ಕೊಂಡು ಬರೋನ್ನ ಇವತ್ತೇ ಕಂಡಿದ್ದು. ಬಿಲ್ ಎಲ್ಲಿ?”

ಅಜ್ಜನ ಕಾಲದ ಒರಳಿಗೆ ಎಲ್ಲಿಯ ಬಿಲ್ಲು? ಅದೇ ಹೊತ್ತಿಗೆ ಶಿಫ್ಟು ಮುಗಿಸಿದವರ ಸೈಕಲ್ಲುಗಳು ಬಂದವು. ಅದರಲ್ಲೊಂದು ನಿಂತಿತು. ಹುಡುಗಿಯ ಅಪ್ಪ! ನನ್ನನ್ನು ನೋಡಿದರು, ಪೊಲೀಸಿನವರನ್ನು ನೋಡಿದರು, ಒರಳು ನೋಡಿದರು.

“ಏನ್ ಮಾಡಿದಾನೆ ಸಾರ್ ಇವನು?”

“ಅದೇ ತಲೆ ತಿಂತಿರೋದು” ಅಂದರು ಪೊಲೀಸಿನವರು. “ಏನೂ ಮಾಡಿಲ್ಲ ಅಂತಾನೆ, ನೋಡಿದ್ರೆ ನಿಜವಾಗ್ಲೂ ಏನೂ ಮಾಡಿಲ್ಲ!”

ಎಡಗಡೆ, ಬಲಗಡೆ

ಒರಳು ಠಾಣೆಯಲ್ಲೇ ಉಳಿಯಿತು, ನನ್ನನ್ನು ಬಿಟ್ಟರು. ಮಾರನೇ ವಾರ ಹುಡುಗಿಯ ಮನೆಯಿಂದ ಹೇಳಿಕಳಿಸಿದರು: ‘ಯುಗಾದಿ ತನಕ ಕಾಯೋದು ಬೇಡ. ನಿಮ್ಮ ಮನೆಗೇ ಬಂದು ನೋಡಿ, ಹೌದೋ ಅಲ್ಲವೋ ಒಂದೇ ಮಾತಲ್ಲಿ ಮುಗಿಸ್ತೀವಿ.’ ಅಂದರೆ ಅಲ್ಲ ಅನ್ನಲು ಬರುತ್ತಾರೆ ಅಂತ ಅಕ್ಕ ಅಳುತ್ತಾ ಕೇಸರಿಬಾತಿಗೆ ರವೆ ಹುರಿದಳು.

ಕರೆದುಕೊಂಡು ಬರಬೇಕಾದವನು ನಾನೇ. ಬರುವವರು ಹುಡುಗಿಯ ಅಪ್ಪ ಮತ್ತು ಅವರ ತಾಯಿ. ಅಜ್ಜಿಯ ಸೊಂಟ ಮೂರು ಮಳೆಗಾಲದಿಂದ ಹಿಡಿದುಕೊಂಡು, ಆಕೆ ನೆಲ ನೋಡಿಕೊಂಡೇ ನಡೆಯುವವರು. “ಅವ್ವಂಗೆ ಒಂದು ಸಣ್ಣ ಕುಲುಕು ಆದ್ರೂ ನಿನ್ನ ಹುಟ್ಟಡಗಿಸ್ತೀನಿ” ಅಂದರು ಅಪ್ಪ. ಹುಡುಗಿ ಬಾಗಿಲ ಹಿಂದಿನಿಂದ, “ನಿಧಾನ ರೀ” ಅಂತ ಕಣ್ಣಲ್ಲೇ ಬೇಡಿಕೊಂಡಳು.

ಒರಳಿಲ್ಲ. ಭದ್ರಾವತಿಯಲ್ಲಿ ಬೆಳಗಿನ ಮುಂಜಿ ಅಡುಗೆ ಮುಗಿಸಿದ್ದ ಭಟ್ಟರ ಕಾಲು ಹಿಡಿದೆ. ಒರಳಿಗಿಂತ ಅವರೇನೂ ಹಗುರವಲ್ಲ. ಅಪ್ಪ ಮುಂದೆ, ಅಜ್ಜಿಯ ಪಕ್ಕ ಹಿಂದೆ ಭಟ್ಟರು, ಡಿಕ್ಕಿ ತುಂಬ ಅವರ ಸೌಟು, ಜಾಲರಿ. ಕಾರು ದೋಣಿಯ ಹಾಗೆ ತೇಲುತ್ತಾ ಬಂತು. ಅಜ್ಜಿ ತೂಕಡಿಸಿದರು. ಅಪ್ಪನ ಮುಖವೂ ಸ್ವಲ್ಪ ಸಡಿಲಾಯಿತು.

ಶಿವಮೊಗ್ಗ ಸೇರುತ್ತಿದ್ದ ಹಾಗೆ ಭಟ್ಟರು, “ನಿಲ್ಲಿಸು, ಇಲ್ಲೇ ಛತ್ರ. ಮಧ್ಯಾಹ್ನದ ಸಾರಿಗೆ ಹೊತ್ತಾಯ್ತು” ಅಂದರು.

“ಭಟ್ಟರೇ, ಇನ್ನೊಂದು ಸ್ವಲ್ಪ...”

“ನಿನ್ನ ಮದುವೆಗೋಸ್ಕರ ಬೇರೆಯವರ ಮದುವೆ ಕೆಡಿಸ್ಲಾ?” ಅನ್ನುತ್ತಾ ಇಳಿದೇಬಿಟ್ಟರು. ಸೌಟು, ಜಾಲರಿಯೂ ಇಳಿದವು. ಕಾರಿನ ಹಿಂಭಾಗ ಅಜ್ಜಿಯ ಸಮೇತ ಎದ್ದಿತು.

“ಏನಪ್ಪಾ ಇದು? ಅವ್ರು ಇಳಿದ್ರೆ ಗಾಡಿ ಎದ್ದು ನಿಲ್ಲುತ್ತೆ?”

“ದೊಡ್ಡವರಲ್ವಾ ಯಜಮಾನ್ರೇ, ಮರ್ಯಾದೆ” ಅಂದೆ. ಅಪ್ಪ ನಗಲಿಲ್ಲ.

ಎತ್ತಿನ ಗಾಡಿಗಿಂತ ನಿಧಾನ ಹೋದೆ. ಹಿಂದೆ ಬಸ್ಸು ಹಾರನ್ ಹೊಡೆದು ಹೊಡೆದು ಸುಸ್ತಾಯಿತು. ಅದಕ್ಕೆ ದಾರಿ ಬಿಡಲು ಎಡಕ್ಕೆ ಸರಿದು ಒಂಚೂರು ವೇಗ ಕೊಟ್ಟೆ ನೋಡಿ, ಶಾಲೆಯ ಮುಂದೆ ನಿನ್ನೆ ಇಲ್ಲದ ಹೊಸ ಹಂಪು!

ಢಬ್!

ಕನ್ನಡಿಯಲ್ಲಿ ಅಜ್ಜಿ ಕಾಣಲಿಲ್ಲ. ಮೇಲಿದ್ದರು. ಆಮೇಲೆ ಕೆಳಗೆ ಬಂದರು. ಲಟಕ್ ಅಂತ ಒಂದು ಸದ್ದು, ಅದು ಕಾರಿನದಲ್ಲ. ಬ್ರೇಕು ಹಾಕಿದೆ. “ಅವ್ವಾ!” ಅಂತ ಅಪ್ಪ ಹಿಂದೆ ತಿರುಗಿದರು. ಹುಡುಗಿ ಹೋದಳು, ಅಕ್ಕನ ಕೇಸರಿಬಾತು ಹೋಯಿತು, ಬಹುಶಃ ಅಜ್ಜಿಯೂ ಹೋದರು ಅಂದುಕೊಂಡು ಸ್ಟೇರಿಂಗಿಗೆ ಹಣೆ ಹಚ್ಚಿದೆ.

ಹಿಂದಿನಿಂದ ಮೆಲ್ಲಗೆ ದನಿ ಬಂತು. “ಏ ಮಗಾ, ಗಾಡಿ ತಿರುಗ್ಸು.”

“ಭದ್ರಾವತಿಗಾ ಅಜ್ಜೀ?”

“ಅಲ್ವೋ ಮಂಕೇ, ಈಗ ಎಗರಿಸಿದ್ಯಲ್ಲ, ಆ ಗುಡ್ಡದ ಮೇಲೆ. ಸೊಂಟ ಎಡಗಡೆ ಬಿಡ್ತು. ಬಲಗಡೆ ಇನ್ನೂ ಹಿಡ್ಕೊಂಡೈತೆ.”

“ಅವ್ವಾ, ಬ್ಯಾಡ...” ಅಂದರು ಅಪ್ಪ.

“ನೀನು ಸುಮ್ಕಿರು. ಮಗಾ, ಈ ಸಲ ಬಿರ್ರನೆ ಹೋಗು.”

ಹೋದೆ. ಅಕ್ಕನ ಮನೆ ಮುಂದೆ ಅಜ್ಜಿ ಯಾರ ಕೈಯೂ ಹಿಡಿಯದೆ ಇಳಿದು, ಮೂರು ಮಳೆಗಾಲದ ಮೇಲೆ ಮೊದಲ ಸಲ ತಲೆಯೆತ್ತಿ ಬಾಗಿಲ ತೋರಣ ನೋಡಿದರು. ಒಳಗೆ ಕೂತು ಎರಡು ಸಲ ಕೇಸರಿಬಾತು ಹಾಕಿಸಿಕೊಂಡರು. ಅಪ್ಪ ಮಾತ್ರ ತಟ್ಟೆ ಮುಟ್ಟದೆ ಅಕ್ಕನ ಕಡೆ ತಿರುಗಿದರು.

“ನೋಡಮ್ಮಾ, ನಿಮ್ಮ ತಮ್ಮನ ಮೇಲೆ ನನಗಿನ್ನೂ ಅನುಮಾನ ಹೋಗಿಲ್ಲ. ಆದ್ರೆ ಹುಡುಗಿ ಕೊಡು ಅಂತ ಅವ್ವ ಹಟ ಹಿಡಿದಾಳೆ, ಕೊಡ್ತೀನಿ. ನನ್ನದೊಂದೇ ಷರತ್ತು: ಮದುವೆ ತನಕ ಆ ಕಾರಿನ ಪ್ಲೇಟು ಯಾರೂ ಬಿಚ್ಚಬಾರದು. ಅವ್ವನ ಮೊಣಕಾಲು ಇನ್ನೂ ಬಾಕಿ ಇದೆಯಂತೆ.”