ಪಾವೆಲ್ಕನ ಫೋರ್ಡಿಗೊಂದು ಎಂಜಿನ್

ಎಲ್ಡನ್ ಪಾವೆಲ್ಕನಿಗೆ ಯಾರ ಮುಖ ನೋಡಿಕೊಂಡೂ 'ಇಲ್ಲ' ಅನ್ನೋಕೆ ಬಾಯೇ ಬರುವುದಿಲ್ಲ. ಎಂಜಿನ್ ಇಲ್ಲದ ಕಾರೊಂದು ಅವನ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತಿದ್ದಕ್ಕೆ ಇದೊಂದೇ ಕಾರಣ.

ಕಾರೇನೋ ಮೂವತ್ತೆರಡನೇ ಇಸವಿಯ ಫೋರ್ಡ್. ಕೆಂಪು ಬಣ್ಣ ಹೊಡೆಸಿಯಾಗಿತ್ತು, ಸೀಟು ಹೊಲಿಸಿಯಾಗಿತ್ತು, ಬ್ರೇಕೂ ಕೂಡಿಸಿಯಾಗಿತ್ತು. ಹಳೇ ಕಾರಿಗೆ ಜೋರಾದ ಎಂಜಿನ್ ಕೂರಿಸಿ ಹಾಟ್ ರಾಡ್ ಮಾಡುವುದು ನೆಬ್ರಾಸ್ಕಾದ ಆ ನದಿದಂಡೆಯ ಊರಲ್ಲಿ ಅರ್ಧ ಗಂಡಸರಿಗೆ ಅಂಟಿದ ಹುಚ್ಚು. ಆದರೆ ಯಾವ ಎಂಜಿನ್? ಫೋರ್ಡಿನ ಹೊಟ್ಟೆಯಲ್ಲಿ ಫೋರ್ಡಿನದೇ ಹಳೇ ಫ್ಲಾಟ್‌ಹೆಡ್ ಎಂಜಿನ್ ಇರಬೇಕು, ಬೇರೆಯದನ್ನು ಇಡುವವನು ಕುಲಗೇಡಿ ಎನ್ನುತ್ತಿದ್ದ ಎಡಗಡೆ ಮನೆಯ ವರ್ಜಿಲ್. ಅವನು ಹಾಟ್ ರಾಡ್ ಕ್ಲಬ್ಬಿನ ಅಧ್ಯಕ್ಷ ಬೇರೆ. ಆ ಅಜ್ಜನ ಕಾಲದ್ದು ಯಾಕೆ ಮಾರಾಯ, ಷೆವರ್ಲೆ ವಿ-ಎಂಟು ಹಾಕು, ಅಗ್ಗ, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತೆ ಎನ್ನುತ್ತಿದ್ದ ಬಲಗಡೆ ಮನೆಯ ಡ್ವೇನ್. ಎಲ್ಡನ್ ಇಬ್ಬರಿಗೂ ಹೂಂ ಎಂದ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕಾಟ ತಾಳಲಾರದೆ ಚಳಿಗಾಲದಲ್ಲಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ನೀನು ಹೇಳಿದ್ದನ್ನೇ ಕೂರಿಸಿಬಿಟ್ಟೆ ಕಣೋ, ಯಾರಿಗೂ ಹೇಳಬೇಡ ಎಂದುಬಿಟ್ಟಿದ್ದ.

ಶನಿವಾರ ಬೆಳಿಗ್ಗೆ ಹೆಂಡತಿ ಮಾರ್ಲಿಸ್ ಕಾಫಿ ತಂದಿಟ್ಟು ಮಾತು ತೆಗೆದಳು.

"ಇವತ್ತು ಸಂಜೆ ಕ್ಲಬ್ಬಿನ ಕೂಟಕ್ಕೆ ಆ ಕಾರು ಹೋಗಬೇಕು. ಹೋಗ್ಲಿಲ್ಲ ಅಂದ್ರೆ ನಾಳೆ ಗುಜರಿಯವನು ಬರ್ತಾನೆ. ನನ್ನ ಕೌದಿ ಹೊಲಿಯೋ ಮಿಷಿನ್ನಿಗೆ ಜಾಗ ಬೇಕು."

ಆ ಕಾರಿನ ಒಂದೊಂದು ತಿರುಪನ್ನೂ ಎಲ್ಡನ್ ಕೈಯಾರೆ ಉಜ್ಜಿ ಹೊಳೆಯುವಂತೆ ಮಾಡಿದ್ದ. ಒಂದು ದಿನದಲ್ಲಿ ಎಂಜಿನ್ ಕೂರಿಸುವುದು ಆಗದ ಮಾತು. ಯಾವುದನ್ನು ಕೂರಿಸುವುದು ಎಂದು ಯೋಚಿಸುವುದರಲ್ಲೇ ಮಧ್ಯಾಹ್ನವಾಯಿತು. ಕೊನೆಗೆ ಹೊಳೆದ ಉಪಾಯವೆಂದರೆ ಇಳಿಜಾರು. ಮನೆ ಗುಡ್ಡದ ಮೇಲಿತ್ತು, ಕೂಟ ಸೇರುತ್ತಿದ್ದ ಐಸ್‌ಕ್ರೀಂ ಅಂಗಡಿಯ ಮೈದಾನ ಗುಡ್ಡದ ಬುಡದಲ್ಲಿತ್ತು.

ಸಂಜೆ ಕಾರನ್ನು ರಸ್ತೆಗೆ ತಳ್ಳಿ, ಹಾರಿ ಒಳಗೆ ಕೂತ. ಮಾರ್ಲಿಸ್ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡತೊಡಗಿತು. ಕೆಳಗಿನ ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲಬೇಕೆಂಬ ಫಲಕವಿತ್ತು. ನಿಂತರೆ ಮತ್ತೆ ಹೊರಡುವುದು ಹೇಗೆ? ಎಲ್ಡನ್ ಕಣ್ಣು ಮುಚ್ಚಿಕೊಂಡ. ಅಂಚೆಯ ಹೆಂಗಸು ಚೀಲ ಸಮೇತ ಪೊದೆಗೆ ಹಾರಿ, ಅವನ ವಂಶವನ್ನೆಲ್ಲ ಬೈದಳು.

ಹೇಗೋ ಮೈದಾನದ ಮುಂದಿನ ಸಾಲಿಗೇ ಬಂದು ಕಾರು ತಣ್ಣಗೆ ನಿಂತಿತು. ಸದ್ದೇ ಇಲ್ಲ, ಎಂಥಾ ಟ್ಯೂನಿಂಗು ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಫ್ಲಾಟ್‌ಹೆಡ್ ಅಂದ್ರೆ ಹಾಗೇ ಎಂಬಂತೆ ವರ್ಜಿಲ್ ಮೀಸೆಯಲ್ಲೇ ನಕ್ಕ. ಷೆವರ್ಲೆ ಅಂದ್ರೆ ಹಾಗೇ ಎಂಬಂತೆ ಡ್ವೇನ್ ಕಣ್ಣು ಹೊಡೆದ.

ಆ ಕೂಟದ ಪದ್ಧತಿಯೆಂದರೆ, ಬಂದವರೆಲ್ಲ ಬಾನೆಟ್ ಎತ್ತಿಡಬೇಕು. ಉಳಿದವರು ಐಸ್‌ಕ್ರೀಂ ನೆಕ್ಕುತ್ತಾ ಒಳಗೆ ಬಗ್ಗಿ ತಪ್ಪು ಹುಡುಕಬೇಕು.

"ಎತ್ತೋ ಎಲ್ಡನ್, ಎಲ್ಲರೂ ನೋಡ್ಲಿ," ಎಂದ ಡ್ವೇನ್.

ಗುಂಪು ಸೇರಿತು. ಎಲ್ಡನ್ ಬಾನೆಟ್ಟಿನ ಮೇಲೆ ಕೈಯೂರಿ ನಿಂತ. ಅಷ್ಟರಲ್ಲಿ ವರ್ಜಿಲ್ ಅಡ್ಡ ಬಂದು, ಹೊಸದಾಗಿ ಕೂರಿಸಿದ ಎಂಜಿನ್ನಿಗೆ ಧೂಳು ತಾಗಿಸಬಾರದು, ಬಾನೆಟ್ ಎತ್ತುವುದು ಬಿಡುವುದು ಯಜಮಾನನ ಇಷ್ಟ ಎಂದು ತೀರ್ಪು ಕೊಟ್ಟ. ಅವನ ಕಪ್ಪು ಕಾರಿನ ಬಾನೆಟ್ಟೂ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಅಧ್ಯಕ್ಷನನ್ನು ಕೇಳುವವರು ಯಾರು? ಗುಂಪು ಗೊಣಗುತ್ತಾ ಚದುರಿತು.

ಹೊತ್ತು ಮುಳುಗುತ್ತಾ ಬಂತು. ಒಂದೊಂದೇ ಕಾರು ಗುಡುಗುತ್ತಾ ಹೊರಟಿತು. ಎಲ್ಡನ್ ಬೇಡದ ಐಸ್‌ಕ್ರೀಂ ತಿನ್ನುತ್ತಾ ಉಳಿದ. ವರ್ಜಿಲನೂ ಉಳಿದ. ನೀನು ಹೊರಡು ಎಂದು ಇವನು, ಅಧ್ಯಕ್ಷ ಕೊನೆಗೆ ಹೋಗಬೇಕು ಎಂದು ಅವನು. ಕೊನೆಗೆ ಎಲ್ಡನ್ನನಿಗೆ ತಡೆಯಲಾಗಲಿಲ್ಲ.

"ವರ್ಜಿಲ್, ನನ್ನ ಕಾರಲ್ಲಿ ಫ್ಲಾಟ್‌ಹೆಡ್ ಇಲ್ಲ ಕಣೋ."

"ಥೂ, ಷೆವರ್ಲೆ ಹಾಕಿದ್ಯಾ?"

"ಅದೂ ಇಲ್ಲ. ಏನೂ ಇಲ್ಲ."

ವರ್ಜಿಲ್ ಆಚೀಚೆ ನೋಡಿದ. ಆಮೇಲೆ ಮೆಲ್ಲಗೆ ತನ್ನ ಕಾರಿನ ಬಾನೆಟ್ ಎತ್ತಿದ. ಒಳಗೆ ಒಂದು ಕಾಫಿ ಫ್ಲಾಸ್ಕು, ಮಡಿಸಿದ ಕಂಬಳಿ.

"ಸರಿಯಾದ ಫ್ಲಾಟ್‌ಹೆಡ್ ಸಿಗ್ಲಿ ಅಂತ ಕಾಯ್ತಾ ಇದೀನಿ," ಎಂದ.

ಎಲ್ಡನ್ನನಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ನೀನೂ ಜಾರಿಕೊಂಡೇ ಬಂದ್ಯಾ, ಮತ್ತೆ ಗುಡ್ಡ ಹೇಗೆ ಹತ್ತುತ್ತೀಯ ಎಂದು ಕೇಳಿದ.

"ಅದಕ್ಕೊಬ್ಬರನ್ನ ಗೊತ್ತು ಮಾಡ್ಕೊಂಡಿದೀನಿ. ಕೂಟ ಮುಗಿದ ಮೇಲೆ ಬಂದು ಎಳ್ಕೊಂಡು ಹೋಗ್ತಾರೆ. ಸತ್ತರೂ ಬಾಯಿ ಬಿಡೋ ಪೈಕಿ ಅಲ್ಲ. ಕೇಳಿ ನೋಡು, ನಿನ್ನನ್ನೂ ಎಳೀಬಹುದು."

ಅಷ್ಟರಲ್ಲಿ ಪಿಕಪ್ ಗಾಡಿಯೊಂದು ಬಂದು ನಿಂತಿತು. ಅದು ಎಲ್ಡನ್ನನ ಸ್ವಂತ ಪಿಕಪ್. ಹಗ್ಗ ಹಿಡಿದು ಇಳಿದವಳು ಮಾರ್ಲಿಸ್. ಪ್ರತಿ ಕೂಟದ ಸಂಜೆ ವರ್ಜಿಲನ ಹೆಂಡತಿ ಜೋಲೀನ್ ಜೊತೆ ಕೌದಿ ಗುಂಪಿಗೆ ಹೋಗ್ತೀನಿ ಎಂದು ಹೊರಡುತ್ತಿದ್ದವಳು ಇಲ್ಲಿಗಾ ಬರುತ್ತಿದ್ದದ್ದು?

"ಜೋಲೀನ್ ಪಾಪ ಕೇಳ್ಕೊಂಡ್ಲು, ನನ್ನ ಗಂಡನ ಮಾನ ಉಳಿಸು ಅಂತ," ಎನ್ನುತ್ತಾ ಅವಳು ವರ್ಜಿಲನ ಕಾರಿಗೆ ಹಗ್ಗ ಬಿಗಿದಳು. ಕೈ ಚೆನ್ನಾಗಿ ಪಳಗಿತ್ತು.

"ಮಾರ್ಲಿಸ್, ಆಮೇಲೆ ಬಂದು ನನ್ನನ್ನೂ..." ಎಂದ ಎಲ್ಡನ್.

"ನಿನ್ನನ್ನ ಯಾಕೆ? ನೀನು ಎಂಜಿನ್ ಸದ್ದಿಲ್ದೆ ಹೊರಟಾಗ್ಲೇ ಗುಜರಿಯವನಿಗೆ ಫೋನ್ ಮಾಡ್ದೆ, ನಾಳೆ ಮೈದಾನಕ್ಕೇ ಬಾ ಅಂತ. ಗುಡ್ಡ ಹತ್ತೋ ಕಷ್ಟ ಅವನಿಗೂ ತಪ್ಪಿತು."

ಹಗ್ಗ ಬಿಗಿಯಾಯಿತು, ಪಿಕಪ್ ಹೊರಟಿತು. ಹಿಂದೆ ತೂಗಾಡುತ್ತಾ ಹೋಗುತ್ತಿದ್ದ ಕಪ್ಪು ಕಾರಿನ ಕಿಟಕಿಯಿಂದ ವರ್ಜಿಲ್ ತಲೆ ಹೊರಗೆ ಹಾಕಿದ.

"ಎಲ್ಡನ್, ಇನ್ನೊಂದು ಕಾರು ಕೊಂಡಾಗ ನನ್ನ ಮಾತು ಕೇಳು. ಎಂಜಿನ್ ಆರಿಸೋವಾಗ ಅವಸರ ಮಾಡ್ಬೇಡ."